ಕಾಲಡಿಯ ಮುಚ್ಚಳ

ಲಾರಿಯ ಮೇಲೆ ಕೂತ ಕಾರನ್ನು ನೋಡಬಾರದು ಎಂದುಕೊಂಡೇ ಪ್ರತಾಪ ಯಸಳೂರಿನಿಂದ ಸಕಲೇಶಪುರದವರೆಗೂ ಜೀಪಿನಲ್ಲಿ ಹಿಂದೆ ಹಿಂದೆ ಅದನ್ನೇ ನೋಡುತ್ತ ಬಂದ. ಐವತ್ತನಾಲ್ಕನೇ ಇಸವಿಯ ಮಾರಿಸ್ ಮೈನರ್. ಎಂಟು ವರ್ಷದ ಹಿಂದೆ ಮಗ್ಗೆಯ ಒಂದು ಕೊಟ್ಟಿಗೆಯಲ್ಲಿ, ಸೀಟಿನ ಮೇಲೆ ಕೋಳಿಗಳು ಕಾವಿಗೆ ಕೂತಿದ್ದ ಸ್ಥಿತಿಯಲ್ಲಿ ಸಿಕ್ಕಿದ್ದು. ಈಗ ಅದಕ್ಕೆ ತಿಳಿಹಸಿರು ಬಣ್ಣ, ಮುಖ ಕಾಣುವಂಥ ಬಂಪರ್, ಇಂಗ್ಲೆಂಡಿನಿಂದ ತರಿಸಿದ ಕೆಂಪು ಚರ್ಮದ ಸೀಟು. ಅಂಥದ್ದು ಗೊಬ್ಬರ ಹೊರುವ ಲಾರಿಯ ಮೇಲೆ ಹಗ್ಗ ಬಿಗಿಸಿಕೊಂಡು, ಗುಂಡಿ ಸಿಕ್ಕಾಗಲೆಲ್ಲ ಮೂತಿ ಎತ್ತಿ ಇಳಿಸುತ್ತ ಹೋಗುತ್ತಿತ್ತು. ರಸ್ತೆಯಂಚಿನ ಗಿಡಗಳಲ್ಲಿ ಕಾಫಿ ಕೊಯ್ಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಒಬ್ಬಳು ನಕ್ಕಳು. ನಗಲಿ, ಇವರಿಗೇನು ಗೊತ್ತು ಎಂದುಕೊಂಡ. ಇವರಿಗೇನು ಗೊತ್ತು ಎಂಬುದು ಪ್ರತಾಪನ ತಲೆಯಲ್ಲಿ ದಿನಕ್ಕೆ ನೂರು ಸಲ ಏಳುವ ಮಾತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರನನ್ನು ನೋಡಿದರೂ ಅದೇ, ಬ್ಯಾಂಕಿನ ಮ್ಯಾನೇಜರನನ್ನು ನೋಡಿದರೂ ಅದೇ, ಊಟಕ್ಕೆ ಬಡಿಸುವ ಹೆಂಡತಿಯನ್ನು ನೋಡಿದರೂ ಅದೇ. ಐವತ್ತೆಂಟು ವರ್ಷ ಇದೊಂದೇ ಮಾತನ್ನು ನೆಚ್ಚಿಕೊಂಡು ಬದುಕಿದ್ದ, ಇಂದು ಮಾತ್ರ ಅದು ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಲಾರಿ ಹೋಗುತ್ತಿದ್ದದ್ದು ಮೆಕ್ಯಾನಿಕ್ ಹಬೀಬನ ಶೆಡ್ಡಿಗೆ. ಹಬೀಬ್ ಇವತ್ತು ಬ್ರೇಕು ಬಿಚ್ಚುತ್ತಾನೆ. ಬಿಚ್ಚಿದರೆ ಒಳಗಿರುವುದು ಕಾಣುತ್ತದೆ.

ಈ ಗಾಡಿಗೆ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ತಾಗಿಲ್ಲ ಎಂದು ಅವನು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಹೇಳಿ ಹೇಳಿ ಅರ್ಧ ನಂಬಿಯೂ ಬಿಟ್ಟಿದ್ದ. ನಿಜವೇನೆಂದರೆ ಹದಿನಾಲ್ಕು ತಿಂಗಳು ಕಾರಿನ ಕೆಳಗೆ ಮಲಗಿದ್ದವನು ಹಬೀಬ್. ಪ್ರತಾಪ ಸ್ಟೂಲಿನ ಮೇಲೆ ಕೂತು ಕಂಪೆನಿಯ ಹಳೆಯ ಇಂಗ್ಲಿಷ್ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದ, ಕೆಳಗಿನಿಂದ ‘ಹೂಂ ಸಾರ್’ ಎಂದು ಬರುತ್ತಿತ್ತು. ಒಮ್ಮೆ ಬೇಕೆಂದೇ ಗೇರ್‌ಬಾಕ್ಸಿನ ಪುಟದ ಬದಲು ವೈಪರಿನ ಪುಟ ಓದಿದ, ಆಗಲೂ ‘ಹೂಂ ಸಾರ್’ ಎಂದೇ ಬಂತು. ಅವತ್ತು ಅವಮಾನವಾಗಿತ್ತು. ಆದರೆ ಅವಮಾನ ಆಗಿದ್ದು ಯಾರಿಗೂ ಗೊತ್ತಾಗಲಿಲ್ಲವಾದ್ದರಿಂದ ಮರೆತ. ಹಳೇ ಕಾರಿನ ಕ್ಲಬ್ಬಿನವರನ್ನು ಕಂಡರೆ ಅವನಿಗೆ ಇನ್ನೂ ಅಸಡ್ಡೆ. ಒಬ್ಬ ಆಸ್ಟಿನ್ ಕಾರಿಗೆ ಡೀಸೆಲ್ ಎಂಜಿನ್ ಕೂರಿಸಿ ವಿಂಟೇಜ್ ಎನ್ನುತ್ತಾನೆ. ಇನ್ನೊಬ್ಬ ಸ್ಟ್ಯಾಂಡರ್ಡ್ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ತಲೆಯಾಡಿಸುವ ನಾಯಿ ಇಟ್ಟಿದ್ದಾನೆ. ಹೊಂಗಡಹಳ್ಳದ ಪರಮಶಿವಯ್ಯ ಕ್ಲಬ್ಬಿನ ಅಧ್ಯಕ್ಷ, ಎಪ್ಪತ್ತು ದಾಟಿದ ಮುದುಕ, ತನ್ನ ಮಾರಿಸನ್ನು ಸೊಪ್ಪು ತರುವುದಕ್ಕೂ ಓಡಿಸುತ್ತಾನೆ. ಇವರೆಲ್ಲರ ನಡುವೆ ಅಸಲಿ ಎನ್ನುವುದರ ಅರ್ಥ ಬಲ್ಲವನು ತಾನೊಬ್ಬನೇ ಎಂದು ಪ್ರತಾಪ ಭಾವಿಸಿದ್ದ.

ಪೇಟೆಯೊಳಗೆ ಬಂದಾಗ ಲಾರಿಯವನು ಹೂವಿನ ಅಂಗಡಿಯ ಮುಂದೆ ನಿಲ್ಲಿಸಿ ಬೀಡಿ ಹಚ್ಚಿದ. ಹೂವು ಕಂಡದ್ದೇ ತಡ ಆಯುಧಪೂಜೆಯ ಬೆಳಿಗ್ಗೆ ಬಂದು ಕಣ್ಣೆದುರು ನಿಂತಿತು. ಹೆಂಡತಿ ಸುಮನಾ ಬಾನೆಟ್ಟಿಗೆ ಕುಂಕುಮ ಇಡಲು ಕೈ ಚಾಚಿದ್ದಳು, ಇವನು ಕೈ ತಡೆದಿದ್ದ. ಬಣ್ಣಕ್ಕೆ ಕಲೆಯಾಗುತ್ತೆ, ಟೈರಿಗೆ ಇಡು ಎಂದಿದ್ದ. ಅವಳು ಟೈರಿಗೆ ಇಟ್ಟಳು. ಕಾರನ್ನು ತಿರುಗಿಸಿ ನಿಲ್ಲಿಸುವಾಗ ಬ್ರೇಕು ಒಂದಂಗುಲ ಕೆಳಗೆ ಹೋದಂತೆನಿಸಿತು. ಬ್ರೇಕಿಗೆ ಎಣ್ಣೆ ಹಾಕುವ ಜಾಗ ಈ ಕಾರಿನಲ್ಲಿ ಡ್ರೈವರನ ಕಾಲಡಿಗೇ ಇದೆ. ಚಾಪೆ ಎತ್ತಿ, ತಗಡಿನ ಮುಚ್ಚಳ ಬಿಚ್ಚಿ, ಒಳಗಿನ ಬಿರಡೆ ತಿರುಗಿಸಬೇಕು. ಮೊಣಕಾಲೂರಿ ಬಿಚ್ಚಿದ. ಎಣ್ಣೆ ಬೆರಳಷ್ಟು ಇಳಿದಿತ್ತು. ಡಿಕ್ಕಿಯಲ್ಲಿ ಹಬೀಬ್ ಕೊಟ್ಟ ಬಾಟಲಿ ಇತ್ತು, ಹಳೆಯ ರಮ್ಮಿನ ಬಾಟಲಿ, ಅದರೊಳಗೆ ಹರಳೆಣ್ಣೆಗೆ ಸ್ಪಿರಿಟ್ ಬೆರೆಸಿದ್ದು. ‘ಈ ರಬ್ಬರ್‌ಗೆ ಇದೇ ಸಾರ್, ಬ್ಯಾರೆ ಏನೂ ಹಾಕ್ಬ್ಯಾಡಿ. ನಮ್ಮಪ್ಪನೂ ದೊರೆಗಳ ಗಾಡಿಗೆ ಇದ್ನೇ ಹಾಕ್ತಿದ್ದಿದ್ದು’ ಎಂದಿದ್ದ ಹಬೀಬ್. ಬಿರಡೆ ತೆಗೆದರೆ ಅದೇ ವಾಸನೆ. ತಿಂಗಳಿಗೊಮ್ಮೆ ಭಾನುವಾರ ಜಗಲಿಯಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ, ಮೂಗು ಹಿಡಿದು, ಅಪ್ಪ ಬಾಯಿಗೆ ಸುರಿಯುತ್ತಿದ್ದ ಹರಳೆಣ್ಣೆ. ಚಿಕ್ಕಪ್ಪನ ಮಕ್ಕಳು ಗಟಗಟ ಕುಡಿದು ಬಾಯಿ ಒರೆಸಿಕೊಳ್ಳುತ್ತಿದ್ದರು, ಇವನು ಮಾತ್ರ ಪ್ರತಿ ಸಲ ಹಿತ್ತಲಿಗೆ ಮುಟ್ಟುವ ಮುಂಚೆಯೇ ಚಡ್ಡಿಯಲ್ಲಿ ಮಾಡಿಕೊಂಡುಬಿಡುತ್ತಿದ್ದ. ಎಂಥ ಕಾರಿಗೆ ಎಂಥ ಹೊಲಸು ಎಂದು ಬಾಟಲಿಯನ್ನು ಪೇರಲ ಗಿಡದ ಬುಡಕ್ಕೆ ಚೆಲ್ಲಿದ. ಕಾರ್ಬುರೇಟರಿಗೆಂದು ಇಂಗ್ಲೆಂಡಿನಿಂದ ತರಿಸಿದ್ದ ಎಣ್ಣೆಯ ಡಬ್ಬಿಯೊಂದು ಶೋಕೇಸಿನಲ್ಲಿತ್ತು, ಹಸಿರು ಡಬ್ಬಿ, ಮೇಲೆ ಚಿನ್ನದ ಅಕ್ಷರ. ಅದನ್ನು ತಂದು ಸುರಿದ. ಆರತಿ ತಟ್ಟೆ ಹಿಡಿದು ನಿಂತಿದ್ದ ಸುಮನಾ, ‘ಅದು ಬ್ರೇಕಿಗೆ ಹಾಕೋದೇನ್ರೀ?’ ಎಂದಳು. ಇಂಗ್ಲೆಂಡಿನ ಕಾರಿಗೆ ಇಂಗ್ಲೆಂಡಿನ ಎಣ್ಣೆ, ನಿನಗೇನು ಗೊತ್ತು ಎಂದ. ಲಾರಿಯವನು ಬೀಡಿ ಎಸೆದು ಗೇರು ಹಾಕಿದ.

ಆ ಎಣ್ಣೆಗೆ ಬ್ರೇಕಿನೊಳಗಿನ ರಬ್ಬರು ಊದಿಕೊಳ್ಳಲು ಮೂರು ದಿನ ತೆಗೆದುಕೊಂಡಿತು. ಅದು ಊದುತ್ತದೆ ಎಂಬುದು ಅವನಿಗೆ ತಿಳಿದದ್ದು ಆಮೇಲೆ, ಅದೇ ಪುಸ್ತಕದಲ್ಲಿ, ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಪುಟದಲ್ಲಿ. ಹಬೀಬನಿಗೆ ಆ ಪುಟವನ್ನು ಅವನೇ ಎರಡು ಸಲ ಓದಿ ಹೇಳಿದ್ದ. ಭಾನುವಾರ ಕ್ಲಬ್ಬಿನ ಹನ್ನೊಂದು ಕಾರುಗಳು ಹೊಂಗಡಹಳ್ಳದ ರಸ್ತೆಯಲ್ಲಿ ಹೋಗುತ್ತಿದ್ದಾಗ ತಿಳಿಹಸಿರು ಮಾರಿಸ್ ಮೊದಲು ಯಾರೋ ಹಿಂದಿನಿಂದ ಹಿಡಿದೆಳೆದಂತೆ ಭಾರವಾಯಿತು, ಆಮೇಲೆ ನಾಲ್ಕೂ ಚಕ್ರದಿಂದ ಹೊಗೆ ಬಂತು, ಆಮೇಲೆ ತಿರುವಿನಲ್ಲಿ ರಸ್ತೆಗೆ ಅಡ್ಡಲಾಗಿ ನಿಂತೇ ಬಿಟ್ಟಿತು. ಬ್ರೇಕು ಕಚ್ಚಿಕೊಂಡಿತ್ತು, ತಳ್ಳಿದರೆ ಅಲುಗಲಿಲ್ಲ. ಹಿಂದೆ ಬಸ್ಸು, ಬಸ್ಸಿನ ಹಿಂದೆ ಹಾಲಿನ ವ್ಯಾನು. ಬಸ್ಸಿನಿಂದಿಳಿದ ಹುಡುಗಿಯರು ಕಾರಿನ ಮುಂದೆ ನಿಂತು ಫೋಟೋ ತೆಗೆದುಕೊಂಡರು. ಪರಮಶಿವಯ್ಯ ಪಂಚೆ ಮೇಲೆತ್ತಿ ಕಟ್ಟಿ, ಚಕ್ರದ ಹಿಂದೆ ಕೈ ಹಾಕಿ ಎಣ್ಣೆ ಹೊರಬಿಡುವ ಒಂದು ನಿಪ್ಪಲ್ಲು ಸಡಿಲಿಸಿದ, ಎಣ್ಣೆ ಚಿಮ್ಮಿ ಬ್ರೇಕು ಬಿಟ್ಟಿತು. ಬೆರಳಿಗಂಟಿದ ಎಣ್ಣೆಯನ್ನು ಮುದುಕ ಉಜ್ಜಿ ನೋಡಿದ, ಮೂಸಿದ. ‘ಏನು ಹಾಕಿದ್ದೆ ಮಾರಾಯ ಇದ್ಕೆ?’ ಎಂದ. ಎಲ್ಲರೂ ಸುತ್ತ ನಿಂತಿದ್ದರು. ಗೊತ್ತಾಗಲಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಪ್ರತಾಪನ ಬಾಯಿಂದ ಬಂದದ್ದು, ‘ಎಲ್ಲಾ ಆ ಹಬೀಬನ ಹರಳೆಣ್ಣೆ ವೈದ್ಯ. ಬೇಡ ಅಂದರೂ ಕೇಳಲಿಲ್ಲ. ಇಂಥವರ ಕೈಗೆ ಗಾಡಿ ಕೊಟ್ಟರೆ ಒಂದಲ್ಲ ಒಂದು ದಿನ ಯಾರಾದರೂ ಸಾಯ್ತಾರೆ.’ ಪರಮಶಿವಯ್ಯ ಹುಲ್ಲಿಗೆ ಕೈ ಒರೆಸಿಕೊಂಡ.

ಆಮೇಲಿನ ಮೂರು ತಿಂಗಳು ಕಾರು ಟಾರ್ಪಾಲಿನ ಕೆಳಗಿತ್ತು. ಹಾಸನದಲ್ಲಿ ಒಬ್ಬ ಮೆಕ್ಯಾನಿಕ್ ಮುಟ್ಟುವುದಿಲ್ಲ ಎಂದ, ಬೆಂಗಳೂರಿನವನು ಫೋನೇ ಎತ್ತಲಿಲ್ಲ. ಕ್ಲಬ್ಬಿನಲ್ಲಿ ಹಬೀಬನ ಬಗ್ಗೆ ಯಾರನ್ನು ಕೇಳಿದರೂ ‘ಈಗ ಆ ಕಡೆ ಯಾರು ಹೋಗ್ತಾರೆ ಬಿಡಿ’ ಎಂದು ಮಾತು ತಿರುಗಿಸುತ್ತಿದ್ದರು. ಪೇಟೆಗೆ ಬಂದಾಗಲೆಲ್ಲ ಪ್ರತಾಪ ಹಬೀಬನ ಶೆಡ್ಡಿನ ಮುಂದೆ ಜೀಪು ನಿಧಾನ ಮಾಡುತ್ತಿದ್ದ. ಶಟರು ಅರ್ಧ ಎಳೆದಿರುತ್ತಿತ್ತು, ಒಳಗೆ ಕತ್ತಲೆ, ಒಂದು ಗಾಡಿಯೂ ಇಲ್ಲ. ನಾಲ್ಕು ಸಲ ನೋಡಿದ, ನಾಲ್ಕು ಸಲವೂ ಹಾಗೇ. ಹಬೀಬನ ಮಗಳು ಶಬ್ನಮ್‌ಳ ಮದುವೆ ಮುಂದಕ್ಕೆ ಹೋಯಿತೆಂದು ಯಾರೋ ಹೇಳಿದರು. ಅವತ್ತು ಊಟ ಸೇರಲಿಲ್ಲ. ನಲವತ್ತು ವರ್ಷ ದುಡಿದು ಗಳಿಸಿದ ಹೆಸರನ್ನು ನನ್ನ ಒಂದು ಮಾತು ಮುಗಿಸಿಬಿಟ್ಟಿತು ಎಂದು ಹಾಸಿಗೆಯಲ್ಲಿ ಹೊರಳಿದ. ಹೊರಳುತ್ತಲೇ ಇನ್ನೊಂದು ಹೊಳೆಯಿತು, ಹೊಳೆದದ್ದಕ್ಕೆ ನಾಚಿಕೆಯೂ ಆಯಿತು: ನನ್ನ ಮಾತಿಗೆ ಅಷ್ಟು ತೂಕವಿದೆಯಲ್ಲ. ಆ ದಿನದಿಂದ ಪಶ್ಚಾತ್ತಾಪ ಅವನಿಗೆ ಒಗ್ಗಿಹೋಯಿತು. ಬೆಳಿಗ್ಗೆ ಕಾಫಿಯ ಜೊತೆಗೆ ಅದನ್ನೂ ಒಂದಿಷ್ಟು ಸೇವಿಸುತ್ತಿದ್ದ. ಇವರಿಗೇನು ಗೊತ್ತು ನನ್ನ ಎದೆಯ ಭಾರ ಎಂದು ಬಡಿಸುತ್ತಿದ್ದ ಹೆಂಡತಿಯನ್ನು ನೋಡುತ್ತಿದ್ದ. ಒಂದು ದಿನ ಅವಳು, ‘ಹಬೀಬ್‌ಗೆ ಫೋನ್ ಮಾಡಿದ್ದೆ. ಗುರುವಾರ ಗಾಡಿ ತರಬೇಕಂತೆ’ ಎಂದಳು. ಯಾರನ್ನು ಕೇಳಿ ಮಾಡಿದೆ ಎಂದು ರೇಗಿದ. ‘ಇಪ್ಪತ್ತಾರಕ್ಕೆ ಮಗ್ಗೆವರೆಗೆ ಕ್ಲಬ್ಬಿನ ಡ್ರೈವ್ ಇದೆಯಲ್ಲ, ಮನೇಲಿ ಕೂತು ನನ್ನ ತಲೆ ತಿಂತೀರಾ?’ ಎಂದಳು.

ಶೆಡ್ಡಿನ ಶಟರು ಇವತ್ತು ಪೂರ್ತಿ ಮೇಲಿತ್ತು. ಒಳಗೆ ನೆಲ ಗುಡಿಸಿ ನೀರು ಚಿಮುಕಿಸಿದ್ದರು. ಬೇರೆ ಒಂದೂ ಗಾಡಿಯಿಲ್ಲ. ಅಷ್ಟು ದೊಡ್ಡ ಜಾಗದಲ್ಲಿ ಹಬೀಬ್ ಒಬ್ಬನೇ ನಿಂತಿದ್ದ, ಬಿಳಿ ಗಡ್ಡ, ಮೊಣಕೈವರೆಗೆ ಮಡಚಿದ ಖಾಕಿ ಅಂಗಿ. ನೋಡು, ನಿನ್ನ ಕೆಲಸ ನೋಡು ಎಂದು ಪ್ರತಾಪ ತನಗೇ ಹೇಳಿಕೊಂಡ. ಹಬೀಬ್ ನಮಸ್ಕಾರ ಮಾಡಿ, ಕಾರನ್ನು ಇಳಿಸಿಕೊಂಡು, ಎಂದಿನ ಸ್ಟೂಲನ್ನು ತಂದಿಟ್ಟು ಒರೆಸಿದ. ‘ಕೂತ್ಕಳಿ ಸಾರ್. ಪುಸ್ತಕ ತಂದಿಲ್ವ?’ ಎಂದ. ತಂದಿಲ್ಲ ಎಂದ ಪ್ರತಾಪ. ಅದು ವ್ಯಂಗ್ಯವೋ ಅಲ್ಲವೋ ಎಂದು ಮುಖ ನೋಡಿದರೆ ಆ ಮುಖದಲ್ಲಿ ಏನೂ ಇರಲಿಲ್ಲ. ಈ ಜನರ ಮುಖವೇ ಹೀಗೆ, ಏನೂ ತೋರಿಸಿಕೊಳ್ಳುವುದಿಲ್ಲ ಎಂದು ಒಂದು ಕ್ಷಣ ಹಳೆಯ ಅಸಡ್ಡೆ ಬಂತು. ಅದು ಬಂದದ್ದಕ್ಕೆ ಹಾಯೆನಿಸಿತು.

ಹಬೀಬ್ ಚಾಪೆ ಎತ್ತಿದ. ತಗಡಿನ ಮುಚ್ಚಳ ಬಿಚ್ಚಿದ. ಆಮೇಲೆ ಕೆಳಗೆ ತೂರಿ, ಬ್ರೇಕಿನ ಸಿಲಿಂಡರನ್ನೇ ಹೊರಗೆ ತೆಗೆದು ಬೆಂಚಿನ ಮೇಲೆ ಹಾಸಿದ್ದ ಹಳೆಯ ಪೇಪರಿನ ಮೇಲೆ ಇಟ್ಟ. ಕಡ್ಡಿಯಿಂದ ತಳ್ಳಿದಾಗ ಒಳಗಿನ ರಬ್ಬರಿನ ಬಟ್ಟಲು ಸಲೀಸಾಗಿ ಬರಲಿಲ್ಲ. ಇಕ್ಕಳದಲ್ಲಿ ಹಿಡಿದೆಳೆದ. ಹೊರಗೆ ಬಂದದ್ದು ಬಟ್ಟಲಿನ ಹಾಗಿರಲಿಲ್ಲ, ಅಂಚೆಲ್ಲ ಉಬ್ಬಿ ನೀರಲ್ಲಿ ನೆನೆಸಿದ ರಸ್ಕಿನ ಹಾಗಿತ್ತು. ಹೊಸ ಬಟ್ಟಲನ್ನು ಪಕ್ಕದಲ್ಲಿಟ್ಟ. ಹಳೆಯದು ಅದರ ಒಂದೂವರೆಯಷ್ಟು. ಎರಡೂ ಪೇಪರಿನ ಮೇಲೆ ಅಕ್ಕಪಕ್ಕ ಕೂತಿದ್ದವು. ಹಬೀಬ್ ಎರಡನ್ನೂ ನೋಡಿದ, ಸಿಲಿಂಡರಿನ ಒಳಮೈಯನ್ನು ಸ್ಪಿರಿಟ್ಟಿನಲ್ಲಿ ತೊಳೆಯತೊಡಗಿದ. ಪ್ರತಾಪ ಲಾರಿಯ ಹಿಂದೆ ಬರುವಾಗಲೆಲ್ಲ ಈ ಗಳಿಗೆಯನ್ನು ಕಲ್ಪಿಸಿಕೊಂಡಿದ್ದ. ಹಬೀಬ್ ತಿರುಗಿ ನೋಡುತ್ತಾನೆ, ಅವನ ಕಣ್ಣಲ್ಲಿ ನೀರಿರುತ್ತದೆ, ನಾನು ಎದ್ದು ನಿಂತು ಒಪ್ಪಿಕೊಳ್ಳುತ್ತೇನೆ, ಇಪ್ಪತ್ತಾರನೇ ತಾರೀಕು ಮಗ್ಗೆಯಲ್ಲಿ ಎಲ್ಲರೆದುರು ಅವನ ಹೆಸರು ಹೇಳುತ್ತೇನೆ, ಎಲ್ಲರೂ ಪ್ರತಾಪ ದೊಡ್ಡ ಮನುಷ್ಯ ಎನ್ನುತ್ತಾರೆ. ಆದರೆ ಹಬೀಬ್ ತಿರುಗಲೇ ಇಲ್ಲ, ಬ್ರಷ್ಷು ಸಿಲಿಂಡರಿನೊಳಗೆ ಹೋಗಿ ಬಂದು ಮಾಡುತ್ತಿತ್ತು.

ಪ್ರತಾಪ ಎದ್ದು ನಿಂತ.

‘ಹಬೀಬ್, ಆ ಎಣ್ಣೆ ಹಾಕಿದ್ದು ನಾನು. ನಿನ್ನ ಎಣ್ಣೆ ಚೆಲ್ಲಿಬಿಟ್ಟಿದ್ದೆ. ಎಲ್ಲರ ಮುಂದೆ ನಿನ್ನ ಹೆಸರು ಹೇಳಿದೆ.’

‘ಹೂಂ ಸಾರ್,’ ಎಂದ ಹಬೀಬ್. ‘ಆ ಚಿಕ್ಕ ಸ್ಪ್ಯಾನರ್ ಇತ್ಲಾಗೆ ಕೊಡಿ.’

ಪ್ರತಾಪ ಸ್ಪ್ಯಾನರ್ ಕೊಟ್ಟ. ಕೇಳಿಸಿಕೊಳ್ಳಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ.

‘ಗೊತ್ತು ಸಾರ್. ಅವತ್ತು ಸಾಯಂಕಾಲನೇ ಪರಮಶಿವಯ್ಯನೋರು ಬಂದು ಹೇಳುದ್ರು. ಬೆರ್ಳಲ್ಲಿ ಮೂಸ್‌ನೋಡ್ದೆ ಕಣೋ, ಪ್ರತಾಪ ಏನೋ ಬ್ಯಾರೆ ಎಣ್ಣೆ ಸುರ್ದವ್ನೆ ಅಂತ. ಮಾರ್ನೆ ದಿನ ಅಮ್ಮಾವ್ರೂ ಫೋನ್ ಮಾಡಿ ಹಸಿರು ಡಬ್ಬಿ ವಿಷ್ಯ ಹೇಳುದ್ರು.’

‘ಮತ್ತೆ... ಯಾರೂ ಗಾಡಿ ತರ್ತಿಲ್ಲವಲ್ಲ ನಿನ್ನ ಹತ್ತಿರ? ಶೆಡ್ಡು ಖಾಲಿ ಬಿದ್ದಿದೆ. ನಾನೇ ನೋಡಿದ್ದೀನಿ.’

ಹಬೀಬ್ ಮೊದಲ ಸಲ ಕೈ ನಿಲ್ಲಿಸಿದ. ಅವನ ಮುಖದಲ್ಲಿ ಈಗ ಏನೋ ಇತ್ತು. ಅದು ಕೋಪವಲ್ಲ, ಮುಜುಗರ. ಮನೆಗೆ ಬಂದವರಿಗೆ ಕೊಡಲು ಸಕ್ಕರೆ ಇಲ್ಲದಾಗ ಆಗುವಂಥದ್ದು. ‘ಮುಂದ್ಗಡೆ ಜಾಗ ಸಾಲ್ತಿರ್ಲಿಲ್ಲ ಸಾರ್,’ ಎಂದ. ‘ಅದ್ಕೇ ಹಿಂದೆ ದೊಡ್ಡ ಶೆಡ್ಡು ಹಾಕ್ಸಿದ್ದೀನಿ. ಇವತ್ತು ನೀವು ಬತ್ತೀರಿ ಅಂತ ಮುಂದಿನ್ದು ತೆಗ್ದೆ. ಎಲ್ಲಾ ಗಾಡಿ ಹಿಂದ್ಗಡೆ ಅವೆ.’

ಹಿಂದಿನ ಬಾಗಿಲಿಗೆ ಒಂದು ಹಳೆಯ ಬೆಡ್‌ಶೀಟು ನೇತುಹಾಕಿದ್ದರು. ಪ್ರತಾಪ ಸರಿಸಿ ನೋಡಿದ. ಹೊಸ ತಗಡಿನ ಮಾಡು, ಕೆಳಗೆ ಪರಮಶಿವಯ್ಯನ ಮಾರಿಸ್, ಡೀಸೆಲ್ ಎಂಜಿನ್ನಿನ ಆಸ್ಟಿನ್, ತಲೆಯಾಡಿಸುವ ನಾಯಿಯ ಸ್ಟ್ಯಾಂಡರ್ಡ್, ಅದರಾಚೆ ಇನ್ನೂ ಮೂರು. ಹಳೆ ಶೆಡ್ಡು ನಾಲ್ಕು ಸಲ ಕತ್ತಲಾಗಿ ಕಂಡದ್ದು ಅದಕ್ಕೇ. ‘ಆ ಕಡೆ ಯಾರು ಹೋಗ್ತಾರೆ ಬಿಡಿ’ ಎಂದವರೆಲ್ಲ ಹೋಗುತ್ತಲೇ ಇದ್ದರು. ‘ಯಾಕೆ ನನ್ನ ಹತ್ತಿರ ಹಾಗೆ ಹೇಳಿದರು?’ ಎಂದು ಕೇಳಿದ. ಅವನ ದನಿ ಅವನಿಗೇ ಚಿಕ್ಕದಾಗಿ ಕೇಳಿಸಿತು.

‘ನಿಮಗೆ ಬ್ಯಾಸ್ರ ಆಗ್ಬಾರ್ದು ಅಂತ ಸಾರ್. ಪರಮಶಿವಯ್ಯನೋರು ಎಲ್ರಿಗೂ ಹೇಳವ್ರೆ. ಪಾಪ, ಬಾಯ್ತಪ್ಪಿ ಅಂದ್ಬುಟ್ಟವ್ನೆ, ಅವ್ನ ಮುಂದೆ ಹಬೀಬನ ಹೆಸ್ರು ಎತ್‌ಬ್ಯಾಡಿ, ಮನ್ಸಿಗೆ ಹಚ್ಕಂತಾನೆ ಅಂತ.’

‘ಶಬ್ನಮ್ ಮದುವೆ?’

‘ಅವ್ಳು ಬಿಎಡ್ ಮುಗುಸ್ಬೇಕಂತೆ. ಹುಡುಗನ ಕಡೆಯೋರೂ ಒಪ್ಪವ್ರೆ.’

ಪಾಪ. ಆ ಮಾತು ಶೆಡ್ಡಿನ ಹಸಿ ನೆಲದ ಮೇಲೆ ಬಿದ್ದುಕೊಂಡಿತು, ಎತ್ತಿಕೊಳ್ಳುವವರಿಲ್ಲ. ಮೂರು ತಿಂಗಳು ತಾನು ಹೊತ್ತ ಭಾರ ಯಾರ ಮೇಲೂ ಬಿದ್ದಿರಲಿಲ್ಲ. ಒಬ್ಬನನ್ನು ಹಾಳು ಮಾಡುವಷ್ಟು ಬೆಲೆಯೂ ತನ್ನ ಮಾತಿಗಿರಲಿಲ್ಲ. ಸೊಪ್ಪು ತರಲು ಕಾರು ಓಡಿಸುವ ಮುದುಕ, ನಾಯಿ ಇಟ್ಟುಕೊಂಡವನು, ಆರತಿ ತಟ್ಟೆ ಹಿಡಿದವಳು ಎಲ್ಲರೂ ಸೇರಿ ತನ್ನನ್ನು ಜ್ವರ ಬಂದ ಮಗುವಿನ ಹಾಗೆ ನೋಡಿಕೊಂಡಿದ್ದರು. ಕ್ಲಬ್ಬಿನ ಮೇಜಿನ ಸುತ್ತ ತಾನು ಹೋಗುತ್ತಲೇ ಬದಲಾಗುತ್ತಿದ್ದ ಮಾತುಗಳು ಒಂದೊಂದಾಗಿ ನೆನಪಾದವು. ಅದನ್ನು ತಾನು ಗೌರವ ಎಂದುಕೊಂಡಿದ್ದ. ಹಬೀಬ್ ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು. ಹಬೀಬನ ಮೇಲೆ ಸಿಟ್ಟು ಬಂತು, ನಿಜವಾದ ಸಿಟ್ಟು, ಇವನು ಕೆಟ್ಟುಹೋಗಿರಬೇಕಿತ್ತು ಎನ್ನುವಷ್ಟು ಸಿಟ್ಟು. ಛೀ ಎಂದು ತನಗೇ ಹೇಳಿಕೊಂಡ, ಆದರೂ ಸಿಟ್ಟು ಹೋಗಲಿಲ್ಲ. ಸ್ಟೂಲಿಗೆ ಬಂದು ಕೂತ. ಓದಲು ಪುಸ್ತಕವೂ ಇರಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಕೆಲಸ ಮುಗಿಯಿತು. ಹೊಸ ಬಟ್ಟಲು ಕೂತಿತು, ನಾಲ್ಕೂ ಚಕ್ರದ ರಬ್ಬರು ಬದಲಾಯಿತು, ಹರಳೆಣ್ಣೆ ಸ್ಪಿರಿಟ್ಟಿನ ವಾಸನೆ ಶೆಡ್ಡು ತುಂಬಿತು. ಪ್ರತಾಪ ಹಳೆಯ ಭಾನುವಾರಗಳ ಹಾಗೆ ಮೂಗು ಹಿಡಿದುಕೊಂಡ. ಹಬೀಬ್ ತಗಡಿನ ಮುಚ್ಚಳ ಮುಚ್ಚಿ, ಎರಡು ತಿರುಪಿನ ತಲೆಗಳ ತೂತಿಗೆ ಸಣ್ಣ ತಂತಿ ಪೋಣಿಸಿ, ತುದಿಯೆರಡನ್ನೂ ಸೇರಿಸಿ ಕರೆಂಟಿನ ಮೀಟರಿಗೆ ಹಾಕುವಂಥ ಸೀಸದ ಮುದ್ರೆ ಒತ್ತಿದ.

‘ಇದ್ಯಾಕೆ?’

‘ಅಮ್ಮಾವ್ರು ಹೇಳುದ್ರು ಸಾರ್. ನೀವು ಬಿಚ್ಚಕ್ಕೆ ಆಗ್ಬಾರ್ದು ಅಂತ.’ ಹಬೀಬ್ ತಲೆಯೆತ್ತಲಿಲ್ಲ. ‘ಎಣ್ಣೆ ಕಮ್ಮಿ ಆದ್ರೆ ನಂಗೊಂದು ಫೋನ್ ಮಾಡಿ, ನಾನೇ ಬಂದ್ಬುಡ್ತೀನಿ.’

‘ಎಲ್ಲರ ಗಾಡಿಗೂ ಹಾಕಿದ್ದೀಯಾ?’

‘ಇಲ್ಲ ಸಾರ್. ನಿಮ್ದುಕ್ಕೆ ಮಾತ್ರ.’

ಚಾಪೆ ಹಾಸಿ, ಅಂಗೈಯಲ್ಲಿ ನೀವಿ ಸಮ ಮಾಡಿ, ಬಾಗಿಲು ತೆರೆದು ಹಿಡಿದ. ಜೀಪನ್ನು ಶೆಡ್ಡಿನ ಮುಂದೆಯೇ ಬಿಟ್ಟು ಪ್ರತಾಪ ಮಾರಿಸಿನಲ್ಲೇ ಹೊರಟ. ಬ್ರೇಕು ಬೆಣ್ಣೆಯಂತೆ ಹಿಡಿಯುತ್ತಿತ್ತು, ಒಂದು ಕುಂದು ಹುಡುಕಿದರೂ ಸಿಗಲಿಲ್ಲ. ಪೇಟೆ ದಾಟಿ ಯಸಳೂರಿನ ದಾರಿ ಹಿಡಿದ. ಹಿಮ್ಮಡಿಯ ಕೆಳಗೆ ಚಾಪೆಯೊಳಗಿಂದ ಆ ಮುದ್ರೆ ಹುರುಳಿಕಾಳಿನಷ್ಟು ಒತ್ತುತ್ತಿತ್ತು. ಮನೆಯಲ್ಲಿ ಸುಮನಾ ಇರುತ್ತಾಳೆ, ಬ್ರೇಕು ಸರಿಹೋಯಿತಾ ಎಂದಷ್ಟೇ ಕೇಳುತ್ತಾಳೆ. ಮಗ್ಗೆಯಲ್ಲಿ ಎಲ್ಲರೂ ಮುಖ ನೋಡಿ ಮಾತು ಬದಲಿಸುತ್ತಾರೆ. ರಸ್ತೆ ಬದಿಯ ಟೀ ಅಂಗಡಿ ಕಂಡಿತು, ನಿಲ್ಲಿಸಿದ. ಹೋಮ್‌ಸ್ಟೇಗೆ ಬಂದಿದ್ದ ಬೇರೆ ಊರಿನ ನಾಲ್ಕು ಜನ ಟೀ ಲೋಟ ಹಿಡಿದೇ ಕಾರಿನ ಸುತ್ತ ಬಂದರು. ಇವರಿಗೇನೂ ಗೊತ್ತಿಲ್ಲ, ನಿಜವಾಗಿಯೂ ಏನೂ ಗೊತ್ತಿಲ್ಲ. ಸೀಟಿನಿಂದ ಇಳಿಯದೆ ಕೂತಿದ್ದ ಪ್ರತಾಪನ ಬೆನ್ನು ತಾನಾಗಿ ನೆಟ್ಟಗಾಯಿತು.

‘ಎಷ್ಟು ಚೆನ್ನಾಗಿ ಇಟ್ಟಿದ್ದೀರಿ ಸರ್! ಇದಕ್ಕೆಲ್ಲ ಮೆಕ್ಯಾನಿಕ್ ಸಿಗ್ತಾರಾ ಈ ಕಡೆ?’ ಎಂದು ಕೇಳಿದಳು ಒಬ್ಬಳು.

‘ಮೆಕ್ಯಾನಿಕ್ಕುಗಳಿಗೆ ಇದೆಲ್ಲ ಏನು ಗೊತ್ತಾಗುತ್ತಮ್ಮ,’ ಎಂದ ಪ್ರತಾಪ. ‘ಈ ಗಾಡಿಗೆ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ತಾಗಿಲ್ಲ.’

ಹೇಳಿ, ಹಿಮ್ಮಡಿಯನ್ನು ಸ್ವಲ್ಪ ಆಚೆ ಸರಿಸಿಟ್ಟುಕೊಂಡ.